ನಿಮ್ಮ ಲ್ಯಾಪ್‌ಟಾಪಿಗೆ ಬೇಕಾದಷ್ಟೇ ಲಿನಕ್ಸ್ ಕರ್ನಲ್: ಕಾನ್ಫಿಗ್ ಮಾಡುವ ಕ್ರಮ

ಡೆಬಿಯನ್, ಉಬುಂಟು, ಫೆಡೋರಾದಂಥ ಲಿನಕ್ಸ್ ವಿತರಣೆಗಳ ಜೊತೆ ಬರುವ ಕರ್ನಲ್ (ಹಾರ್ಡ್‌ವೇರನ್ನು ನಡೆಸುವ ತಿರುಳು ಪ್ರೋಗ್ರಾಂ) ಯಾವ ಮೆಷಿನ್‌ಗೆ ಹಾಕಿದರೂ ಬೂಟ್ ಆಗಬೇಕು. ಹಾಗಾಗಿ ಸರ್ವರ್‌ಗಳ ಫೈಬರ್ ಕಾರ್ಡಿನಿಂದ ಹಿಡಿದು ಹವ್ಯಾಸಿ ರೇಡಿಯೊ ಪ್ರೋಟೋಕಾಲ್‌ವರೆಗೆ ಎಲ್ಲಕ್ಕೂ ಅದರಲ್ಲಿ ಡ್ರೈವರ್ ತುಂಬಿರುತ್ತಾರೆ. ಬೇಕಾದಾಗ ಮಾತ್ರ ಲೋಡ್ ಆಗುವ ಇಂಥ ತುಂಡುಗಳಿಗೆ ಮಾಡ್ಯೂಲ್ ಎನ್ನುತ್ತಾರೆ. ಅವುಗಳ ಲೆಕ್ಕ ಸಾವಿರಗಳಲ್ಲಿ ಇರುತ್ತದೆ, ಒಂದು ಲ್ಯಾಪ್‌ಟಾಪ್ ಬಳಸುವುದು ಮಾತ್ರ ನೂರೈವತ್ತೋ ಇನ್ನೂರೋ.

ಉಳಿದದ್ದನ್ನು ಕಿತ್ತುಹಾಕಿದರೆ ಮೆಷಿನ್ ಕಣ್ಣಿಗೆ ಕಾಣುವಷ್ಟು ವೇಗವಾಗುತ್ತದೆ ಎಂದುಕೊಂಡಿದ್ದರೆ ಆ ಆಸೆ ಬಿಡಿ. ಲೋಡ್ ಆಗದ ಮಾಡ್ಯೂಲ್ ಡಿಸ್ಕ್‌ನಲ್ಲಿ ಜಾಗ ತಿನ್ನುತ್ತದೆಯೇ ಹೊರತು ಮೆಮೊರಿ ತಿನ್ನುವುದಿಲ್ಲ. ಲಾಭ ಬೇರೆ ಕಡೆ ಇದೆ. ಗಂಟೆಗಟ್ಟಲೆ ಹಿಡಿಯುವ ಕಂಪೈಲ್ (ಸೋರ್ಸ್ ಕೋಡಿನಿಂದ ಕರ್ನಲ್ ಕಟ್ಟುವ ಕೆಲಸ) ಕೆಲವೇ ನಿಮಿಷಕ್ಕೆ ಇಳಿಯುತ್ತದೆ, ಬೂಟ್ ಪಾರ್ಟಿಷನ್ ಹಗುರವಾಗುತ್ತದೆ, ನೀವು ಎಂದೂ ಬಳಸದ ಡ್ರೈವರ್‌ನಲ್ಲಿ ಸಿಗುವ ಭದ್ರತಾ ದೋಷ ನಿಮ್ಮನ್ನು ಮುಟ್ಟುವುದಿಲ್ಲ. ಪ್ಯಾಚ್ ಹಾಕಿ ನೋಡುವವರಿಗೆ, ಬಗ್ ಹುಡುಕುತ್ತಾ ಕರ್ನಲ್ಲನ್ನು ಮತ್ತೆ ಮತ್ತೆ ಕಂಪೈಲ್ ಮಾಡುವವರಿಗೆ ಇಷ್ಟೇ ಸಾಕಷ್ಟು ಕಾರಣ.

ಉದಾಹರಣೆಗೆ ಲೆನೊವೊ ಥಿಂಕ್‌ಪ್ಯಾಡ್ ಟಿ480 ತೆಗೆದುಕೊಳ್ಳೋಣ. ಇಂಟೆಲ್ ಐ5-8250ಯು ಪ್ರೊಸೆಸರ್ (4 ಕೋರ್, 8 ಥ್ರೆಡ್), ಎನ್‌ವಿಎಂಇ ಎಸ್‌ಎಸ್‌ಡಿ, ಇಂಟೆಲ್ 8265 ವೈಫೈ, ಡೆಬಿಯನ್ 13. ಮೆಷಿನ್ ಬೇರೆಯಾದರೆ ಡ್ರೈವರ್ ಹೆಸರು ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ. ಕಮಾಂಡ್‌ಗಳನ್ನು, ಮೆನು ಹೆಸರುಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಮೇಲಿಂದ ಇಳಿಯಿರಿ, ಕೆಳಗಿಂದ ಹತ್ತಬೇಡಿ

ಏನೂ ಇಲ್ಲದ ಕಾನ್ಫಿಗ್‌ನಿಂದ (ಕರ್ನಲ್‌ನಲ್ಲಿ ಏನೇನು ಇರಬೇಕೆಂಬ ಆಯ್ಕೆಗಳ ಪಟ್ಟಿ) ಶುರುಮಾಡಿ ಒಂದೊಂದೇ ಸೇರಿಸುತ್ತಾ ಹೋಗುವ ದಾರಿಯೂ ಇದೆ. ‘ಮೇಕ್ ಟೈನಿಕಾನ್ಫಿಗ್’ ಎಂಬ ಕಮಾಂಡ್ 2014ರ 3.17 ಆವೃತ್ತಿಯಿಂದಲೇ ಇದೆ. ಪುಟ್ಟ ಎಂಬೆಡೆಡ್ ಬೋರ್ಡ್‌ಗೆ ಅದು ಸರಿ. ಡೆಸ್ಕ್‌ಟಾಪ್ ಓಡಿಸುವ ಲ್ಯಾಪ್‌ಟಾಪಿಗೆ ಆ ದಾರಿ ಹಿಡಿದರೆ ಪರದೆ, ಕೀಬೋರ್ಡ್, ಸಿಸ್ಟಮ್‌ಡಿ (ಬೂಟ್ ಹೊತ್ತಿನಲ್ಲಿ ಉಳಿದ ಸೇವೆಗಳನ್ನು ಶುರುಮಾಡುವ ಪ್ರೋಗ್ರಾಂ) ಕೇಳುವ ಹತ್ತಾರು ಸೌಲಭ್ಯ ಎಂದು ಒಂದೊಂದಕ್ಕೂ ಒಂದೊಂದು ಸಂಜೆ ಹೋಗುತ್ತದೆ. ಈಗ ಓಡುತ್ತಿರುವ ಕಾನ್ಫಿಗ್ ಹಿಡಿದು ಅದನ್ನು ಸವರುತ್ತಾ ಬರುವುದೇ ಸರಿಯಾದ ಕ್ರಮ. ಪ್ರತಿ ಸುತ್ತಿನಲ್ಲೂ ಬೂಟ್ ಆಗುವ ಕರ್ನಲ್ ಒಂದು ಕೈಯಲ್ಲಿ ಇದ್ದೇ ಇರುತ್ತದೆ.

ಮೊದಲು ಯಂತ್ರದ ಜಾತಕ

ಸೋರ್ಸ್ ಇಳಿಸುವ ಮೊದಲು ಯಾವ ಸಾಧನಕ್ಕೆ ಯಾವ ಡ್ರೈವರ್ ಕೆಲಸ ಮಾಡುತ್ತಿದೆ ಎಂದು ಬರೆದಿಟ್ಟುಕೊಳ್ಳಿ. ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಕೊಟ್ಟರೆ ಪ್ರತಿ ಪಿಸಿಐ ಸಾಧನದ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲು ಬರುತ್ತದೆ. ಅದರ ಔಟ್‌ಪುಟ್ಟನ್ನು ಫೈಲಿಗೆ ಉಳಿಸಿ. ‘ಎಲ್‌ಎಸ್‌ಯುಎಸ್‌ಬಿ -ಟಿ’, ‘ಎಲ್‌ಎಸ್‌ಬಿಎಲ್‌ಕೆ -ಎಫ್’ ಇವುಗಳದನ್ನೂ ಉಳಿಸಿ. ಹೊಸ ಕರ್ನಲ್‌ನಲ್ಲಿ ಬೂಟ್ ಆದ ಮೇಲೆ ಇದೇ ಕಮಾಂಡ್‌ಗಳನ್ನು ಮತ್ತೆ ಓಡಿಸಿ ‘ಡಿಫ್’ ಹಾಕಿದರೆ ಯಾವ ಸಾಧನ ಡ್ರೈವರ್ ಇಲ್ಲದೆ ಕೂತಿದೆ ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ.

ಟಿ480ಯಲ್ಲಿ ಕಾಣುವ ಮುಖ್ಯ ಹೆಸರುಗಳು: ಡಿಸ್ಕಿಗೆ ಎನ್‌ವಿಎಂಇ, ಪರದೆಗೆ ಐ915, ಕೇಬಲ್ ನೆಟ್‌ವರ್ಕಿಗೆ ಇ1000ಇ, ವೈಫೈಗೆ ಐಡಬ್ಲ್ಯುಎಲ್‌ವೈಫೈ ಮತ್ತು ಅದರ ಜೊತೆಗಾರ ಐಡಬ್ಲ್ಯುಎಲ್‌ಎಂವಿಎಂ, ಧ್ವನಿಗೆ ಎಸ್‌ಎನ್‌ಡಿ-ಎಚ್‌ಡಿಎ-ಇಂಟೆಲ್ ಮತ್ತು ರಿಯಲ್‌ಟೆಕ್ ಕೊಡೆಕ್ (ಧ್ವನಿ ಚಿಪ್) ಡ್ರೈವರ್, ಎಸ್‌ಡಿ ಕಾರ್ಡಿಗೆ ಆರ್‌ಟಿಎಸ್‌ಎಕ್ಸ್-ಪಿಸಿಐ, ಫಂಕ್ಷನ್ ಕೀಗಳಿಗೆ ಥಿಂಕ್‌ಪ್ಯಾಡ್-ಎಸಿಪಿಐ. ಜೋಡಿಗಳನ್ನು ಗಮನಿಸಿ. ಐಡಬ್ಲ್ಯುಎಲ್‌ವೈಫೈ ಇದ್ದು ಐಡಬ್ಲ್ಯುಎಲ್‌ಎಂವಿಎಂ ಇಲ್ಲದಿದ್ದರೆ ಕಾರ್ಡ್ ಪತ್ತೆಯಾಗುತ್ತದೆ, ಆದರೆ ವೈಫೈ ಇಂಟರ್‌ಫೇಸ್ ಹುಟ್ಟುವುದೇ ಇಲ್ಲ. ಎಚ್‌ಡಿಎ ಇದ್ದು ಕೊಡೆಕ್ ಇಲ್ಲದಿದ್ದರೂ ಇದೇ ಕಥೆ, ಕಾರ್ಡ್ ಕಂಡರೂ ಸ್ಪೀಕರ್ ಸರಿಯಾಗಿ ಕೆಲಸ ಮಾಡುವುದಿಲ್ಲ.

ಸೋರ್ಸ್ ಮತ್ತು ಸಾಮಗ್ರಿ

ಬಿಲ್ಡ್-ಎಸೆನ್ಷಿಯಲ್, ಫ್ಲೆಕ್ಸ್, ಬೈಸನ್, ಬಿಸಿ, ಲಿಬ್‌ಎಸ್‌ಎಸ್‌ಎಲ್-ಡೆವ್, ಲಿಬ್‌ಎಲ್ಫ್-ಡೆವ್, ಲಿಬ್‌ಎನ್‌ಕರ್ಸಸ್-ಡೆವ್, ಆರ್‌ಸಿಂಕ್, ಸಿಪಿಐಒ, ಕೆಮಾಡ್, ಡೆಬ್‌ಹೆಲ್ಪರ್, ಡ್ವಾರ್ವ್ಸ್ ಇಷ್ಟು ಪ್ಯಾಕೇಜ್ ಹಾಕಿಕೊಳ್ಳಿ. ಸೋರ್ಸನ್ನು ಕರ್ನಲ್ ಡಾಟ್ ಆರ್ಗ್‌ನಿಂದ ತನ್ನಿ, ಅದೂ ‘ಲಾಂಗ್‌ಟರ್ಮ್’ (ವರ್ಷಗಟ್ಟಲೆ ತಿದ್ದುಪಡಿ ಸಿಗುವ) ಸಾಲಿನದು. 2024ರ ನವೆಂಬರ್‌ನಲ್ಲಿ ಬಂದ 6.12 ಇಲ್ಲಿ ಸೂಕ್ತ. ಡೆಬಿಯನ್ 13ರ ಕರ್ನಲ್ಲೂ ಅದೇ ಸರಣಿಯದಾದ್ದರಿಂದ ಹಳೆಯ ಕಾನ್ಫಿಗ್ ಹೆಚ್ಚು ತಕರಾರಿಲ್ಲದೆ ಕೂರುತ್ತದೆ.

ಸಹಿ ಪರೀಕ್ಷೆಯಲ್ಲಿ ಹಲವರು ಎಡವುತ್ತಾರೆ. ಸಹಿ ಇರುವುದು ಬಿಚ್ಚಿದ ಟಾರ್ ಫೈಲಿನ ಮೇಲೆ, ಒತ್ತಿ ಚಿಕ್ಕದು ಮಾಡಿದ ಎಕ್ಸ್‌ಝಡ್ ಫೈಲಿನ ಮೇಲಲ್ಲ. ಆದ್ದರಿಂದ ಮೊದಲು ‘ಅನ್‌ಎಕ್ಸ್‌ಝಡ್’ ಮಾಡಿ, ಆಮೇಲೆ ‘ಜಿಪಿಜಿ --ವೆರಿಫೈ’ ಓಡಿಸಿ. ಉಲ್ಟಾ ಮಾಡಿದರೆ ‘ಬ್ಯಾಡ್ ಸಿಗ್ನೇಚರ್’ ಬಂದು ಸುಮ್ಮನೆ ಗಾಬರಿಯಾಗುತ್ತದೆ.

ಡಿಸ್ಕ್‌ನಲ್ಲಿ 20 ಜಿಬಿ ಖಾಲಿ ಇರಲಿ. ಸವರಿದ ಕಾನ್ಫಿಗ್‌ಗೆ ಅಷ್ಟು ಬೇಕಾಗುವುದಿಲ್ಲ, ಆದರೆ ಡೀಬಗ್ ಮಾಹಿತಿ ಆಫ್ ಮಾಡುವುದನ್ನು ಮರೆತರೆ ಆ ಜಾಗ ಕಣ್ಣೆದುರೇ ತುಂಬುತ್ತದೆ. ಕಂಪೈಲನ್ನು ರೂಟ್ ಆಗಿ ಮಾಡಬೇಡಿ. ನಿಮ್ಮ ಹೋಮ್ ಫೋಲ್ಡರ್‌ನಲ್ಲೇ ಮಾಡಿ, ಇನ್‌ಸ್ಟಾಲ್ ಮಾಡುವಾಗ ಮಾತ್ರ ‘ಸುಡೊ’ ಸಾಕು.

ಲೋಕಲ್‌ಮಾಡ್‌ಕಾನ್ಫಿಗ್: ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ

ಸ್ಟೀವನ್ ರೋಸ್ಟೆಡ್ ಬರೆದ ಈ ಸಾಧನ 2009ರ 2.6.32 ಆವೃತ್ತಿಯಿಂದ ಕರ್ನಲ್ ಸೋರ್ಸ್ ಜೊತೆಗೇ ಬರುತ್ತಿದೆ. ಅದು ಮಾಡುವುದು ಇಷ್ಟೇ: ‘ಎಲ್‌ಎಸ್‌ಮಾಡ್’ ಪಟ್ಟಿಯಲ್ಲಿ ಈಗ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನು ನೋಡಿ, ಅವುಗಳಿಗೆ ಬೇಕಾದ ಆಯ್ಕೆಗಳನ್ನು ಉಳಿಸಿ, ಉಳಿದ ‘ಎಮ್’ಗಳನ್ನೆಲ್ಲ (ಮಾಡ್ಯೂಲ್ ಆಗಿ ಕಟ್ಟುವ ಆಯ್ಕೆಗಳನ್ನೆಲ್ಲ) ಅಳಿಸುತ್ತದೆ. ಕರ್ನಲ್ ಒಳಗೇ ಸೇರಿರುವ ‘ವೈ’ಗಳನ್ನು ಮುಟ್ಟುವುದಿಲ್ಲ.

ಅಪಾಯ ಇರುವುದು ‘ಈಗ’ ಎಂಬಲ್ಲಿ. ಈ ಕ್ಷಣದಲ್ಲಿ ಪೆನ್‌ಡ್ರೈವ್ ಚುಚ್ಚಿರದಿದ್ದರೆ ಯುಎಸ್‌ಬಿ ಸ್ಟೋರೇಜ್ ಹೋಯಿತು. ಫೋನಿನಿಂದ ಯುಎಸ್‌ಬಿ ಟೆದರಿಂಗ್ ಹಾಕಿರದಿದ್ದರೆ ಅದರ ಆರ್‌ಎನ್‌ಡಿಐಎಸ್ ಡ್ರೈವರ್ ಹೋಯಿತು, ವೈಫೈ ಕೆಟ್ಟ ದಿನ ಅದೂ ಇರುವುದಿಲ್ಲ. ಆದ್ದರಿಂದ ಕಮಾಂಡ್ ಓಡಿಸುವ ಮೊದಲು ನೀವು ಎಂದಾದರೂ ಬಳಸುವುದನ್ನೆಲ್ಲ ಒಮ್ಮೆ ಜೋಡಿಸಿ ಚಾಲೂ ಮಾಡಿ: ಫ್ಯಾಟ್, ಎಕ್ಸ್‌ಫ್ಯಾಟ್, ಎನ್‌ಟಿಎಫ್‌ಎಸ್ ಡಿಸ್ಕ್‌ಗಳು, ಬ್ಲೂಟೂತ್ ಹೆಡ್‌ಸೆಟ್, ವೆಬ್‌ಕ್ಯಾಮ್, ಎಚ್‌ಡಿಎಂಐ ಮಾನಿಟರ್, ಎಸ್‌ಡಿ ಕಾರ್ಡ್, ವಿಪಿಎನ್, ವರ್ಚುವಲ್ ಮೆಷಿನ್, ಡಾಕರ್. ಡಾಕರ್‌ನಲ್ಲಿ ಒಂದು ಕಂಟೇನರನ್ನು ಪೋರ್ಟ್ ತೆರೆದು ನಿಜವಾಗಿಯೂ ಓಡಿಸಬೇಕು, ಇಲ್ಲವಾದರೆ ಓವರ್‌ಲೇ, ವೀತ್ ಮತ್ತು ನ್ಯಾಟ್‌ಗೆ ಬೇಕಾದ ನೆಟ್‌ಫಿಲ್ಟರ್ ಮಾಡ್ಯೂಲ್‌ಗಳು ಲೋಡ್ ಆಗಿರುವುದಿಲ್ಲ. ಆರ್ಡುಯಿನೊ ಬಳಸುವವರು ಸಿಎಚ್341 ಅಥವಾ ಸಿಪಿ210ಎಕ್ಸ್ ಎಂಬ ಯುಎಸ್‌ಬಿ-ಸೀರಿಯಲ್ ಡ್ರೈವರ್ ಮರೆಯಬೇಡಿ.

ಎಲ್ಲವನ್ನೂ ಒಟ್ಟಿಗೆ ಚುಚ್ಚಲಾಗದಿದ್ದರೆ ಸುಲಭದ ಉಪಾಯ ಇದೆ. ಒಂದು ವಾರ ಮಾಮೂಲಿನಂತೆ ಕೆಲಸ ಮಾಡುತ್ತಾ ಆಗಾಗ ‘ಎಲ್‌ಎಸ್‌ಮಾಡ್’ ಔಟ್‌ಪುಟ್ಟನ್ನು ಎರಡು ಬಾಣದ ಚಿಹ್ನೆ ಹಾಕಿ ಒಂದೇ ಫೈಲಿನ ಕೊನೆಗೆ ಸೇರಿಸುತ್ತಾ ಹೋಗಿ. ಒಂದೇ ಹೆಸರು ಹತ್ತು ಸಲ ಬಂದರೂ ಸ್ಕ್ರಿಪ್ಟಿಗೆ ಬೇಸರವಿಲ್ಲ, ತಲೆಸಾಲನ್ನು ಅದೇ ಬಿಟ್ಟುಕೊಳ್ಳುತ್ತದೆ.

ಈಗ ಸೋರ್ಸ್ ಫೋಲ್ಡರ್‌ನಲ್ಲಿ:

1. ಬೂಟ್ ಫೋಲ್ಡರ್‌ನಲ್ಲಿರುವ, ಈಗ ಓಡುತ್ತಿರುವ ಕರ್ನಲ್‌ನ ಕಾನ್ಫಿಗ್ ಫೈಲನ್ನು ‘ಡಾಟ್ ಕಾನ್ಫಿಗ್’ ಹೆಸರಿನಲ್ಲಿ ಇಲ್ಲಿಗೆ ಕಾಪಿ ಮಾಡಿ.
2. ‘ಮೇಕ್ ಎಲ್‌ಎಸ್‌ಮಾಡ್=(ನಿಮ್ಮ ಫೈಲಿನ ಪೂರ್ಣ ಪಾತ್) ಲೋಕಲ್‌ಮಾಡ್‌ಕಾನ್ಫಿಗ್’ ಓಡಿಸಿ. ಎಲ್‌ಎಸ್‌ಮಾಡ್ ಎಂಬುದನ್ನು ಇಲ್ಲಿ ದೊಡ್ಡಕ್ಷರದಲ್ಲಿ ಬರೆಯಬೇಕು. ಹೊಸ ಆಯ್ಕೆಗಳ ಬಗ್ಗೆ ಪ್ರಶ್ನೆ ಬಂದರೆ ಎಂಟರ್ ಒತ್ತುತ್ತಾ ಹೋಗಿ.
3. ಯುಎಸ್‌ಬಿ ಡ್ರೈವರ್‌ಗಳನ್ನೂ ಫೈಲ್‌ಸಿಸ್ಟಮ್‌ಗಳನ್ನೂ ಇಡಿಯಾಗಿ ಉಳಿಸಿಕೊಳ್ಳಬೇಕೆಂದರೆ ಅದೇ ಸಾಲಿನಲ್ಲಿ ‘ಎಲ್‌ಎಂಸಿ_ಕೀಪ್="ಡ್ರೈವರ್ಸ್/ಯುಎಸ್‌ಬಿ:ಎಫ್‌ಎಸ್"’ ಸೇರಿಸಿ. ಮೊದಲ ಸಲ ಮಾಡುವವರು ಹೀಗೆ ಮಾಡುವುದೇ ಒಳ್ಳೆಯದು. ಕಂಪೈಲ್ ಸ್ವಲ್ಪ ಉದ್ದವಾಗುತ್ತದೆ, ತಲೆನೋವು ಬಹಳ ಕಡಿಮೆಯಾಗುತ್ತದೆ.

ಎನ್‌ವಿಡಿಯಾ, ವರ್ಚುವಲ್‌ಬಾಕ್ಸ್‌ನಂಥ ಹೊರಗಿನ ಮಾಡ್ಯೂಲ್‌ಗಳಿಗೆ ‘ಕಾನ್ಫಿಗ್ ನಾಟ್ ಫೌಂಡ್’ ಎಂದು ಬರುತ್ತದೆ. ಅವು ಈ ಸೋರ್ಸ್‌ನಲ್ಲೇ ಇಲ್ಲ, ಚಿಂತೆ ಬೇಡ. ಕರ್ನಲ್ ಹೆಡರ್‌ಗಳನ್ನು ಇನ್‌ಸ್ಟಾಲ್ ಮಾಡಿದ ಮೇಲೆ ಡಿಕೆಎಂಎಸ್ (ಹೊರಗಿನ ಮಾಡ್ಯೂಲ್‌ಗಳನ್ನು ಪ್ರತಿ ಕರ್ನಲ್‌ಗೂ ಕಟ್ಟುವ ಸಾಧನ) ಅವನ್ನು ಕಟ್ಟಿಕೊಳ್ಳುತ್ತದೆ.

ಮೆನುವಿನಲ್ಲಿ ಕೈಯಾಡಿಸುವುದು

‘ಮೇಕ್ ಮೆನುಕಾನ್ಫಿಗ್’ ತೆರೆಯಿರಿ. ಇಲ್ಲಿ ನಿಮ್ಮ ಮುಖ್ಯ ಆಯುಧ ಸ್ಲ್ಯಾಶ್ ಕೀ. ಅದನ್ನು ಒತ್ತಿ ಆಯ್ಕೆಯ ಹೆಸರು ಹೊಡೆದರೆ ಅದು ಯಾವ ಮೆನುವಿನಲ್ಲಿದೆ, ಯಾವುದರ ಮೇಲೆ ನಿಂತಿದೆ, ಯಾರು ಅದನ್ನು ಎಳೆದು ತಂದಿದ್ದಾರೆ ಎಲ್ಲ ಕಾಣುತ್ತದೆ. ಬದಿಯಲ್ಲಿರುವ ಅಂಕಿ ಒತ್ತಿದರೆ ನೇರ ಆ ಜಾಗಕ್ಕೇ ಹೋಗಬಹುದು. ಚೌಕದ ಬದಲು ಎರಡು ಗೀಟಿನ ನಡುವೆ ನಕ್ಷತ್ರ ಇದ್ದರೆ ಬೇರೆ ಯಾವುದೋ ಆಯ್ಕೆ ಇದನ್ನು ಹಿಡಿದಿಟ್ಟಿದೆ ಎಂದರ್ಥ. ‘ಸೆಲೆಕ್ಟೆಡ್ ಬೈ’ ಸಾಲು ನೋಡಿ, ಮೊದಲು ಅಲ್ಲಿ ಹೆಸರಿರುವ ಆಯ್ಕೆಯನ್ನು ಆಫ್ ಮಾಡಬೇಕು.

ಮೊದಲ ಸುತ್ತಿನಲ್ಲಿ ಬದಲಿಸಬೇಕಾದ್ದು ಕಡಿಮೆ. ಜನರಲ್ ಸೆಟಪ್‌ನಲ್ಲಿ ‘ಲೋಕಲ್ ವರ್ಷನ್’ ಜಾಗಕ್ಕೆ ಅಡ್ಡಗೆರೆ ಹಾಕಿ ಟಿ480 ಎಂದು ಕೊಡಿ, ಹಳೆಯ ಕರ್ನಲ್ ಜೊತೆ ಗೊಂದಲವಾಗುವುದಿಲ್ಲ. ಅಲ್ಲೇ ‘ಕರ್ನಲ್ ಡಾಟ್ ಕಾನ್ಫಿಗ್ ಸಪೋರ್ಟ್’ ಹಚ್ಚಿ, ಮುಂದೆ ಓಡುತ್ತಿರುವ ಕರ್ನಲ್‌ನಿಂದಲೇ ಕಾನ್ಫಿಗ್ ತೆಗೆಯಬಹುದು. ಕರ್ನಲ್ ಹ್ಯಾಕಿಂಗ್ ಮೆನುವಿನ ‘ಕಂಪೈಲ್-ಟೈಮ್ ಚೆಕ್ಸ್’ ಒಳಗೆ ‘ಡೀಬಗ್ ಇನ್ಫರ್ಮೇಶನ್’ ಅನ್ನು ‘ಡಿಸೇಬಲ್’ ಮಾಡಿ. ಕಂಪೈಲ್ ಸಮಯ, ಡಿಸ್ಕ್ ಜಾಗ ಎರಡರಲ್ಲೂ ಈ ಒಂದು ಆಯ್ಕೆ ಉಳಿಸುವಷ್ಟು ಬೇರೆ ಯಾವುದೂ ಉಳಿಸುವುದಿಲ್ಲ. ಆಮೇಲೆ ‘ಪಹೋಲ್ (ಡ್ವಾರ್ವ್ಸ್ ಪ್ಯಾಕೇಜಿನ ಸಾಧನ) ಇಲ್ಲ’ ಎಂಬ ತಕರಾರೂ ಬರುವುದಿಲ್ಲ.

ಸಿಪಿಯು ಸಂಖ್ಯೆ ಇಳಿಸಲು ಹೋದವರು ಒಂದು ಗೋಡೆಗೆ ಬಡಿಯುತ್ತಾರೆ. ವಿತರಣೆಗಳ ಕಾನ್ಫಿಗ್‌ನಲ್ಲಿ ‘ಮ್ಯಾಕ್ಸಿಮಮ್ ನಂಬರ್ ಆಫ್ ಸಿಪಿಯುಸ್’ 8192 ಎಂದಿರುತ್ತದೆ, ಬದಲಿಸಲು ಬಿಡುವುದಿಲ್ಲ. ಅದರ ಮೇಲಿರುವ ‘ಎನೇಬಲ್ ಮ್ಯಾಕ್ಸಿಮಮ್ ನಂಬರ್ ಆಫ್ ಎಸ್‌ಎಂಪಿ ಪ್ರೊಸೆಸರ್ಸ್’ ಅನ್ನು ಮೊದಲು ಆಫ್ ಮಾಡಿ, ಆಗ ಅಂಕಿ ಸಡಿಲವಾಗುತ್ತದೆ. 8 ಥ್ರೆಡ್ ಇರುವ ಯಂತ್ರಕ್ಕೆ 8 ಸಾಕು, 16 ಕೊಟ್ಟರೂ ನಷ್ಟವಿಲ್ಲ. ಒಂದೇ ಸಾಕೆಟ್ಟಿನ ಈ ಲ್ಯಾಪ್‌ಟಾಪಿಗೆ ‘ನ್ಯೂಮಾ’ (ಹಲವು ಸಾಕೆಟ್‌ಗಳ ನಡುವೆ ಹಂಚಿದ ಮೆಮೊರಿಗೆ ಬೇಕಾದ ಸೌಲಭ್ಯ) ಬೇಡ. ವರ್ಚುವಲ್ ಮೆಷಿನ್ ಒಳಗೆ ಓಡುವ ಕರ್ನಲ್ ಅಲ್ಲವಾದ್ದರಿಂದ ‘ಲಿನಕ್ಸ್ ಗೆಸ್ಟ್ ಸಪೋರ್ಟ್’ ಕೂಡ ಬೇಡ. ಎತರ್ನೆಟ್ ಡ್ರೈವರ್ ಪಟ್ಟಿಯಲ್ಲಿ ಕಂಪನಿಗಳ ಹೆಸರಿನ ಮುಂದೆ ಸಾಲು ಸಾಲು ‘ವೈ’ ಕಾಣುತ್ತದೆ. ಅವು ಬರೀ ತಲೆಬರಹ, ಕೆಳಗೆ ಡ್ರೈವರ್ ಇಲ್ಲದಿದ್ದರೆ ಒಂದು ಬೈಟ್ ಕೂಡ ಸೇರುವುದಿಲ್ಲ. ಅಲ್ಲಿ ಅರ್ಧ ಗಂಟೆ ಕಳೆಯಬೇಡಿ.

ಟಿ480ಯ ಟಚ್‌ಪ್ಯಾಡ್ ಮಾತ್ರ ನಿಂತು ನೋಡಬೇಕಾದ್ದು. ಮೇಲ್ನೋಟಕ್ಕೆ ಅದು ಪಿಎಸ್/2 ಸಾಧನ. ಪೂರ್ತಿ ಸಾಮರ್ಥ್ಯ ಸಿಗುವುದು ಎಸ್‌ಎಂಬಸ್ ಎಂಬ ಬೇರೊಂದು ಸಂಪರ್ಕದ ಮೂಲಕ. ಅದಕ್ಕೆ ಐ2ಸಿ-ಐ801 ಡ್ರೈವರ್, ಪಿಎಸ್/2 ಮೌಸ್ ಕೆಳಗಿನ ‘ಸಿನಾಪ್ಟಿಕ್ಸ್ ಎಸ್‌ಎಂಬಸ್’ ಆಯ್ಕೆ, ‘ಆರ್‌ಎಂಐ4 ಎಸ್‌ಎಂಬಸ್’, ಈ ಮೂರೂ ಬೇಕು. ಕೀಬೋರ್ಡ್ ನಡುವಿನ ಕೆಂಪು ಗುಂಡಿ, ಅಂದರೆ ಟ್ರ್ಯಾಕ್‌ಪಾಯಿಂಟ್, ಟಚ್‌ಪ್ಯಾಡಿನ ಹಿಂದೆ ಅತಿಥಿಯಾಗಿ ಕೂತಿರುವುದರಿಂದ ಆರ್‌ಎಂಐ4 ಪಟ್ಟಿಯ ‘ಫಂಕ್ಷನ್ 03’ ಸಹ ಹಚ್ಚಿರಬೇಕು. ಅದನ್ನು ಬಿಟ್ಟರೆ ಟಚ್‌ಪ್ಯಾಡ್ ಚೆನ್ನಾಗಿ ಓಡುತ್ತದೆ, ಕೆಂಪು ಗುಂಡಿ ಸತ್ತು ಕೂರುತ್ತದೆ. ಕಾರಣ ಗೊತ್ತಿಲ್ಲದವರಿಗೆ ಹಾರ್ಡ್‌ವೇರ್ ಕೆಟ್ಟಂತೆಯೇ ಕಾಣುತ್ತದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಟಚ್‌ಪ್ಯಾಡ್ ‘ಐ2ಸಿ-ಎಚ್‌ಐಡಿ’ ಬಗೆಯದು. ಎಎಂಡಿ ಮೆಷಿನ್ ಆದರೆ ಅದರ ಜೊತೆ ‘ಪಿನ್‌ಕಂಟ್ರೋಲ್ ಎಎಂಡಿ’ ಬೇಕು, ಇಂಟೆಲ್ ಆದರೆ ಆಯಾ ಪೀಳಿಗೆಯ ಪಿನ್‌ಕಂಟ್ರೋಲ್ ಬೇಕು.

ಮುಟ್ಟಬಾರದ್ದೂ ಇವೆ. ಸಿಪಿಯು ದೋಷಗಳ ‘ಮಿಟಿಗೇಶನ್ಸ್’ (ರಕ್ಷಣೆಗಳು), ಡೆವ್‌ಟಿಎಂಪಿಎಫ್‌ಎಸ್, ಸಿಗ್ರೂಪ್ಸ್, ಐನೋಟಿಫೈ, ಟಿಎಂಪಿಎಫ್‌ಎಸ್‌ನ ಎಸಿಎಲ್, ಯೂನಿಕ್ಸ್ ಸಾಕೆಟ್, ಮ್ಯಾಜಿಕ್ ಸಿಸ್‌ಆರ್‌ಕ್ಯು. ಇವುಗಳಲ್ಲಿ ಕೆಲವು ಹೋದರೆ ಸಿಸ್ಟಮ್‌ಡಿ ಮೇಲೇಳುವುದೇ ಇಲ್ಲ.

ಮೆನು ಬಿಟ್ಟು ‘ಸ್ಕ್ರಿಪ್ಟ್ಸ್/ಕಾನ್ಫಿಗ್’ ಸಾಧನದಿಂದ ಬದಲಿಸುವವರಿಗೆ ಒಂದು ಮಾತು. ಅದು ಅವಲಂಬನೆಗಳನ್ನು ನೋಡುವುದಿಲ್ಲ, ಸುಮ್ಮನೆ ಸಾಲು ಬರೆಯುತ್ತದೆ. ಆಮೇಲೆ ‘ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್’ ಓಡಿಸಿದಾಗ ಆಧಾರ ಇಲ್ಲದ ಸಾಲು ಸದ್ದಿಲ್ಲದೆ ಮಾಯವಾಗುತ್ತದೆ. ಹಾಗಾಗಿ ಓಡಿಸಿದ ಮೇಲೆ ‘ಸ್ಕ್ರಿಪ್ಟ್ಸ್/ಡಿಫ್‌ಕಾನ್ಫಿಗ್’ ಹಾಕಿ ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ನೋಡಿ.

ಕಂಪೈಲ್, ಇನ್‌ಸ್ಟಾಲ್

‘ಮೇಕ್ -ಜೆ8 ಬಿನ್‌ಡೆಬ್-ಪಿಕೆಜಿ’ ಕೊಟ್ಟರೆ ಸೋರ್ಸ್ ಫೋಲ್ಡರ್‌ಗಿಂತ ಒಂದು ಹಂತ ಮೇಲಿನ ಫೋಲ್ಡರ್‌ನಲ್ಲಿ ಡೆಬ್ ಪ್ಯಾಕೇಜ್‌ಗಳು ತಯಾರಾಗುತ್ತವೆ. ಇಮೇಜ್ ಮತ್ತು ಹೆಡರ್ಸ್ ಎರಡನ್ನೂ ‘ಎಪಿಟಿ ಇನ್‌ಸ್ಟಾಲ್’ ಮಾಡಿ. ಇನಿಟ್‌ರ‍್ಯಾಮ್‌ಎಫ್‌ಎಸ್ (ರೂಟ್ ಡಿಸ್ಕ್ ಸಿಗುವವರೆಗೆ ಬೇಕಾಗುವ ತಾತ್ಕಾಲಿಕ ಫೈಲ್‌ಗಳ ಗಂಟು) ಕಟ್ಟುವುದು, ಗ್ರಬ್ (ಬೂಟ್ ಮೆನು) ಪಟ್ಟಿಗೆ ಸೇರಿಸುವುದು ತಾನಾಗಿಯೇ ಆಗುತ್ತದೆ, ತೆಗೆಯುವಾಗಲೂ ಒಂದೇ ಕಮಾಂಡ್.

ಉಬುಂಟು ಕಾನ್ಫಿಗ್‌ನಿಂದ ಶುರುಮಾಡಿದರೆ ಕ್ಯಾನೊನಿಕಲ್ ಪ್ರಮಾಣಪತ್ರದ ಪೆಮ್ ಫೈಲ್ ಸಿಗಲಿಲ್ಲ, ‘ನೋ ರೂಲ್ ಟು ಮೇಕ್ ಟಾರ್ಗೆಟ್’ ಎಂದು ಕಂಪೈಲ್ ನಿಲ್ಲುತ್ತದೆ. ಆ ಫೈಲ್ ವಿತರಣೆಯ ಸೋರ್ಸ್‌ನಲ್ಲಿ ಮಾತ್ರ ಇರುತ್ತದೆ. ‘ಸಿಸ್ಟಮ್ ಟ್ರಸ್ಟೆಡ್ ಕೀಸ್’ ಮತ್ತು ‘ಸಿಸ್ಟಮ್ ರಿವೊಕೇಶನ್ ಕೀಸ್’ ಎರಡರ ಬೆಲೆಯನ್ನೂ ಖಾಲಿ ಮಾಡಿದರೆ ಮುಂದೆ ಸಾಗುತ್ತದೆ.

ಡಾಟ್ ಕಾನ್ಫಿಗ್ ಫೈಲಿನ ಪ್ರತಿಯನ್ನು ಸೋರ್ಸ್ ಫೋಲ್ಡರ್ ಹೊರಗೆ ಇಡಿ. ‘ಮೇಕ್ ಕ್ಲೀನ್’ ಅದನ್ನು ಬಿಡುತ್ತದೆ, ‘ಮೇಕ್ ಮಿಸ್ಟರ್‌ಪ್ರಾಪರ್’ ಅಳಿಸಿಬಿಡುತ್ತದೆ.

ಸೆಕ್ಯೂರ್ ಬೂಟ್ (ಒಪ್ಪಿದ ಸಹಿ ಇಲ್ಲದ ಕರ್ನಲ್ಲನ್ನು ತಡೆಯುವ ವ್ಯವಸ್ಥೆ) ಚಾಲೂ ಇದ್ದರೆ ಗ್ರಬ್ ‘ಬ್ಯಾಡ್ ಶಿಮ್ ಸಿಗ್ನೇಚರ್’ ಎಂದು ಹೊಸ ಕರ್ನಲ್ಲನ್ನು ತಿರಸ್ಕರಿಸುತ್ತದೆ. ನಿಮ್ಮದೇ ಕೀ ತಯಾರಿಸಿ ‘ಮೊಕ್‌ಯುಟಿಲ್ --ಇಂಪೋರ್ಟ್’ ಮೂಲಕ ನೋಂದಾಯಿಸಿ, ಕರ್ನಲ್ ಇಮೇಜಿಗೆ ‘ಎಸ್‌ಬಿಸೈನ್’ನಿಂದ ಸಹಿ ಹಾಕಬೇಕು. ಪ್ರಯೋಗದ ಹಂತದಲ್ಲಿ ಬಯೋಸ್‌ನಲ್ಲಿ ಸೆಕ್ಯೂರ್ ಬೂಟನ್ನು ಆಫ್ ಮಾಡಿಡುವುದು ಸುಲಭ.

ಮೊದಲ ಬೂಟ್

ಹೊಸ ಕರ್ನಲ್ಲನ್ನು ಕೂಡಲೇ ಡೀಫಾಲ್ಟ್ ಮಾಡಬೇಡಿ. ಗ್ರಬ್‌ನ ಸೆಟ್ಟಿಂಗ್ ಫೈಲಿನಲ್ಲಿ ಡೀಫಾಲ್ಟನ್ನು ‘ಸೇವ್ಡ್’ ಮಾಡಿ ‘ಅಪ್‌ಡೇಟ್-ಗ್ರಬ್’ ಓಡಿಸಿ. ‘ಗ್ರಬ್-ಸೆಟ್-ಡೀಫಾಲ್ಟ್’ನಿಂದ ಹಳೆಯ ಕರ್ನಲ್ಲನ್ನು ಕೂರಿಸಿ, ‘ಗ್ರಬ್-ರೀಬೂಟ್’ನಿಂದ ಹೊಸದನ್ನು ಒಂದೇ ಒಂದು ಸಲಕ್ಕೆ ಆಯ್ದುಕೊಳ್ಳಿ. ಕರ್ನಲ್ ಸಾಲಿಗೆ ‘ಪ್ಯಾನಿಕ್=10’ ಸೇರಿಸಿದರೆ ಕರ್ನಲ್ ಪ್ಯಾನಿಕ್ ಆದರೂ (ಮುಂದೆ ಸಾಗಲಾಗದೆ ನಿಂತರೂ) 10 ಸೆಕೆಂಡಿಗೆ ಮೆಷಿನ್ ರೀಸ್ಟಾರ್ಟ್ ಆಗಿ ಹಳೆಯದಕ್ಕೆ ಮರಳುತ್ತದೆ.

ಅತಿ ಹೆಚ್ಚು ಜನ ಕಾಣುವ ಪ್ಯಾನಿಕ್: ‘ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್’. ಅದರ ಕೊನೆಯ ಆವರಣದಲ್ಲಿರುವ ಅಂಕಿಯಲ್ಲೇ ಉತ್ತರ ಇದೆ. (0,0) ಇದ್ದರೆ ಕರ್ನಲ್‌ಗೆ ಡಿಸ್ಕ್ ಸಿಕ್ಕೇ ಇಲ್ಲ: ಎನ್‌ವಿಎಂಇ ಅಥವಾ ಎಎಚ್‌ಸಿಐ ಡ್ರೈವರ್ ಇಲ್ಲ, ಇಲ್ಲವೇ ಇನಿಟ್‌ರ‍್ಯಾಮ್‌ಎಫ್‌ಎಸ್ ಲೋಡ್ ಆಗಿಲ್ಲ, ಇಲ್ಲವೇ ರೂಟ್ ಹೆಸರು ಅರ್ಥವಾಗಿಲ್ಲ. (259,2) ಥರದ ಅಂಕಿ ಇದ್ದರೆ ಎನ್‌ವಿಎಂಇ ಪಾರ್ಟಿಷನ್ ಸಿಕ್ಕಿದೆ, ಅದರ ಮೇಲಿನ ಎಕ್ಸ್‌ಟಿ4 ಅಥವಾ ಬಿಟಿಆರ್‌ಎಫ್‌ಎಸ್ ಓದುವ ಡ್ರೈವರ್ ಇಲ್ಲ.

ಬೂಟ್ ಅರ್ಧಕ್ಕೆ ಬಂದು ಎಮರ್ಜೆನ್ಸಿ ಮೋಡ್‌ಗೆ ಬಿದ್ದರೆ ಇಎಫ್‌ಐ ಪಾರ್ಟಿಷನ್ ಮೇಲೆ ಮೊದಲ ಅನುಮಾನ ಇರಲಿ. ಅದು ಫ್ಯಾಟ್, ಓದಲು ವಿಫ್ಯಾಟ್ ಜೊತೆ ‘ಕೋಡ್‌ಪೇಜ್ 437’ ಮತ್ತು ಕಾನ್ಫಿಗ್‌ನಲ್ಲಿ ಹೇಳಿರುವ ಅಕ್ಷರಸೆಟ್ ಎರಡೂ ಇರಬೇಕು. ‘ಡಿಮೆಸೇಜ್’ (ಕರ್ನಲ್ ಸಂದೇಶ ತೋರಿಸುವ ಡಿಎಂಇಎಸ್‌ಜಿ ಕಮಾಂಡ್) ಔಟ್‌ಪುಟ್‌ನಲ್ಲಿ ‘ಐಒ ಚಾರ್‌ಸೆಟ್ ನಾಟ್ ಫೌಂಡ್’ ಎಂದಿದ್ದರೆ ಇದೇ ಕಾರಣ. ಆ ಮೆನುವಿಗೆ ಹೋದಾಗಲೇ ‘ಎನೇಬಲ್ ಫ್ಯಾಟ್ ಯುಟಿಎಫ್-8 ಆಪ್ಷನ್ ಬೈ ಡೀಫಾಲ್ಟ್’ ಹಚ್ಚಿದೆಯೇ ನೋಡಿಕೊಳ್ಳಿ. ಅದಿಲ್ಲದೆ ಪೆನ್‌ಡ್ರೈವನ್ನು ಕೈಯಿಂದ ಮೌಂಟ್ ಮಾಡಿದರೆ ಕನ್ನಡದಲ್ಲಿರುವ ಫೈಲ್ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ.

ಪರದೆ ಪೂರ್ತಿ ಕಪ್ಪಾದರೆ ಮೆಷಿನ್ ಸತ್ತಿದೆ ಎಂದುಕೊಳ್ಳಬೇಡಿ. ‘ಫ್ರೇಮ್‌ಬಫರ್ ಕನ್ಸೋಲ್’ ಮತ್ತು ‘ಸಿಂಪಲ್‌ಡಿಆರ್‌ಎಂ’ ಇದೆಯೇ ನೋಡಿ. ಎಸ್‌ಎಸ್‌ಎಚ್ ಮೊದಲೇ ಹಾಕಿಟ್ಟಿದ್ದರೆ ಇಂಥ ಹೊತ್ತಿನಲ್ಲಿ ಬೇರೆ ಮೆಷಿನ್‌ನಿಂದ ಒಳಹೊಕ್ಕು ಲಾಗ್ ಓದಬಹುದು.

ಡೆಸ್ಕ್‌ಟಾಪ್ ಬಂತೆಂದು ಅಲ್ಲಿಗೇ ಬಿಡಬೇಡಿ. ಉಳಿಸಿಟ್ಟ ‘ಎಲ್‌ಎಸ್‌ಪಿಸಿಐ’ ಜೊತೆ ಡಿಫ್ ಹಾಕಿ. ‘ಡಿಮೆಸೇಜ್ --ಲೆವೆಲ್=ಇಆರ್‌ಆರ್,ವಾರ್ನ್’ ಮತ್ತು ‘ಸಿಸ್ಟಮ್‌ಸಿಟಿಎಲ್ --ಫೇಲ್ಡ್’ ನೋಡಿ. ಮುಚ್ಚಳ ಮುಚ್ಚಿ ಸ್ಲೀಪ್‌ಗೆ ಕಳಿಸಿ ಎಬ್ಬಿಸಿ, ಹೆಡ್‌ಫೋನ್ ಚುಚ್ಚಿ, ಬ್ರೈಟ್‌ನೆಸ್ ಕೀ ಒತ್ತಿ.

ಇನಿಟ್‌ರ‍್ಯಾಮ್‌ಎಫ್‌ಎಸ್ ಬಿಡಬೇಕೇ?

ಎನ್‌ವಿಎಂಇ, ಎಕ್ಸ್‌ಟಿ4, ಜಿಪಿಟಿ ಪಾರ್ಟಿಷನ್ ಟೇಬಲ್, ಡೆವ್‌ಟಿಎಂಪಿಎಫ್‌ಎಸ್ ಆಟೋಮೌಂಟ್ ನಾಲ್ಕನ್ನೂ ‘ವೈ’ ಮಾಡಿದರೆ ಅದಿಲ್ಲದೆಯೂ ಬೂಟ್ ಆಗುತ್ತದೆ. ಆದರೆ ರೂಟ್ ವಿಳಾಸವಾಗಿ ಫೈಲ್‌ಸಿಸ್ಟಮ್‌ನ ಗುರುತು ‘ಯುಯುಐಡಿ’ ನಡೆಯುವುದಿಲ್ಲ. ಅದನ್ನು ಬಿಡಿಸುವುದು ಇನಿಟ್‌ರ‍್ಯಾಮ್‌ಎಫ್‌ಎಸ್‌ನ ಕೆಲಸ, ಕರ್ನಲ್ ತಾನಾಗಿ ಬಲ್ಲದ್ದು ಪಾರ್ಟಿಷನ್ನಿನ ಗುರುತು ‘ಪಾರ್ಟ್‌ಯುಯುಐಡಿ’. ಎನ್‌ಕ್ರಿಪ್ಟ್ ಆದ ಡಿಸ್ಕ್ ಅಥವಾ ಎಲ್‌ವಿಎಂ ಇದ್ದರೆ ಈ ದಾರಿ ಮುಚ್ಚಿದಂತೆಯೇ.

ಫರ್ಮ್‌ವೇರ್ (ಸಾಧನದ ಒಳಗೇ ಓಡುವ ಪ್ರೋಗ್ರಾಂ) ತೊಡಕು ಇನ್ನೊಂದು. ಐ915 ಅಥವಾ ವೈಫೈ ಡ್ರೈವರನ್ನು ‘ವೈ’ ಮಾಡಿದರೆ ಅದು ರೂಟ್ ಮೌಂಟ್ ಆಗುವ ಮೊದಲೇ ಎದ್ದು ಫರ್ಮ್‌ವೇರ್ ಕೇಳುತ್ತದೆ, ಫೈಲ್ ಇನ್ನೂ ಕೈಗೆ ಸಿಗುವುದಿಲ್ಲ. ಅವನ್ನು ‘ಎಮ್’ ಆಗಿಯೇ ಬಿಡಿ. ಮೈಕ್ರೋಕೋಡ್ (ಪ್ರೊಸೆಸರ್‌ನ ತಿದ್ದುಪಡಿ ಫೈಲ್) ಕೂಡ ಹೀಗೇ. ಇನಿಟ್‌ರ‍್ಯಾಮ್‌ಎಫ್‌ಎಸ್ ಬಿಟ್ಟರೆ ಅದನ್ನು ‘ಎಕ್ಸ್‌ಟ್ರಾ ಫರ್ಮ್‌ವೇರ್’ ಆಯ್ಕೆಯಲ್ಲಿ ಹೆಸರಿಸಿ ಕರ್ನಲ್ ಒಳಗೇ ಸೇರಿಸಬೇಕು. ಐ5-8250ಯುಗೆ ಆ ಫೈಲ್ ‘ಇಂಟೆಲ್-ಯುಕೋಡ್/06-8ಇ-0ಎ’. ಮರೆತರೆ ಮೆಷಿನ್ ಏನೂ ಆಗಿಲ್ಲವೆಂಬಂತೆ ಓಡುತ್ತದೆ, ಬಯೋಸ್‌ನಲ್ಲಿರುವ ಹಳೆಯ ಮೈಕ್ರೋಕೋಡ್ ಹೊತ್ತುಕೊಂಡು. ಉಳಿಯುವ ಸಮಯ ಒಂದೆರಡು ಸೆಕೆಂಡ್. ಹೆಚ್ಚಿನವರಿಗೆ ಇಷ್ಟು ಗಂಟು ಬಿಡಿಸುವುದು ಬೇಕಿಲ್ಲ. ಮಾಡ್ಯೂಲ್‌ಗಳು ಕಡಿಮೆಯಾದ ಮೇಲೆ ಇನಿಟ್‌ರ‍್ಯಾಮ್‌ಎಫ್‌ಎಸ್ ತಾನೇ ಸಣ್ಣದಾಗುತ್ತದೆ, ಇನ್ನೂ ಇಳಿಸಬೇಕಿದ್ದರೆ ಇನಿಟ್‌ರ‍್ಯಾಮ್‌ಎಫ್‌ಎಸ್-ಟೂಲ್ಸ್ ಸೆಟ್ಟಿಂಗ್‌ನಲ್ಲಿ ‘ಮಾಡ್ಯೂಲ್ಸ್=ಡೆಪ್’ ಮಾಡಿ.

ಅಪ್‌ಡೇಟ್ ಇನ್ನು ನಿಮ್ಮ ತಲೆಮೇಲೆ

ನೀವು ಕಟ್ಟಿದ ಕರ್ನಲ್‌ಗೆ ಎಪಿಟಿಯಿಂದ ಭದ್ರತಾ ಅಪ್‌ಡೇಟ್ ಬರುವುದಿಲ್ಲ. ಲಾಂಗ್‌ಟರ್ಮ್ ಸಾಲಿನಲ್ಲಿ ಹೆಚ್ಚುಕಡಿಮೆ ವಾರಕ್ಕೊಂದು ಹೊಸ ಬಿಡುಗಡೆ ಬರುತ್ತದೆ. ಪ್ರತಿಯೊಂದನ್ನೂ ಹಿಡಿಯಬೇಕಿಲ್ಲ, ತಿಂಗಳುಗಟ್ಟಲೆ ಬಿಡುವುದೂ ಸಲ್ಲ. ಅದೇ ಸರಣಿಯೊಳಗೆ ಹೊಸ ಸೋರ್ಸ್ ಬಿಚ್ಚಿ, ಉಳಿಸಿಟ್ಟ ಕಾನ್ಫಿಗ್ ಹಾಕಿ, ‘ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್’ ಓಡಿಸಿ ಕಂಪೈಲ್ ಮಾಡಿದರೆ ಆಯಿತು. ಸರಣಿಯೇ ಬದಲಾಗುವಾಗ, ಅಂದರೆ 6.12 ಬಿಟ್ಟು ಮುಂದಿನದಕ್ಕೆ ಹೋಗುವಾಗ, ಮೊದಲು ‘ಮೇಕ್ ಲಿಸ್ಟ್‌ನ್ಯೂಕಾನ್ಫಿಗ್’ ಓಡಿಸಿ ಹೊಸದಾಗಿ ಏನು ಬಂದಿದೆ ಎಂದು ಓದಿ. ಹಳೆಯ ಆಯ್ಕೆ ಎರಡಾಗಿ ಒಡೆದು, ನಿಮ್ಮ ಡ್ರೈವರ್ ಹೊಸ ಹೆಸರಿನಡಿ ‘ಎನ್’ (ಬೇಡ) ಆಗಿ ಕೂತಿರಬಹುದು. ಡೆಬಿಯನ್ ಕೊಟ್ಟ ಮೂಲ ಕರ್ನಲ್ಲನ್ನು ಮಾತ್ರ ಎಂದೂ ತೆಗೆಯಬೇಡಿ. ನಿಮ್ಮ ಹಳೆಯ ಬಿಲ್ಡ್‌ಗಳಲ್ಲಿ ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ‘ಎಪಿಟಿ ಪರ್ಜ್’ ಮಾಡಿ.